ದೊರೆಗೆ ಬಡಿಸಿದ ಎಲೆ

ಮೊನ್ನೆ ಮಗಳು ಇಂಗ್ಲೆಂಡಿನಲ್ಲಿ ಯಾವುದೋ ಹಳೆಯ ಬಂಗಲೆ ನೋಡಲು ಹೋದವಳು, ಅಲ್ಲಿನ ಗೋಡೆಯಲ್ಲಿದ್ದ ಒಂದು ಚಿತ್ರದ ಫೋಟೋ ಕಳಿಸಿದಳು. "ಅಮ್ಮ, ಇದು ನಮ್ಮ ಮಸ್ಕತ್ ಮನೆಯ ಅಂಕಲ್ ಅಲ್ವಾ?" ಕನ್ನಡಕ ಹುಡುಕಿ ಹಾಕಿಕೊಂಡೆ. ಹೌದು, ಅವನೇ. ಕಪ್ಪು ಅಂಗಿ, ಸೊಂಟದಲ್ಲಿ ಕತ್ತಿ, ಕೊರಳ ಸುತ್ತ ಒತ್ತು ಶಾವಿಗೆಯಂತಹ ಬಿಳಿ ಕಾಲರು, ಬಾಗಿಲಿಗೆ ಬಂದವರನ್ನು ವಾಪಸು ಕಳಿಸುವ ಮುಖ.

ಅವನ ಹೆಸರು ನಮಗೆ ಗೊತ್ತಿರಲಿಲ್ಲ, ದೊರೆ ಎನ್ನುತ್ತಿದ್ದೆವು. ಎಂಬತ್ತರ ದಶಕದಲ್ಲಿ ಮಸ್ಕತ್ತಿನ ಖುರುಮ್ ಬಡಾವಣೆಯ ಆಫೀಸಿನಲ್ಲಿ ನಮ್ಮವರ ಮ್ಯಾನೇಜರಾಗಿದ್ದ ಇಂಗ್ಲಿಷಿನವನು ಊರಿಗೆ ಮರಳುವಾಗ, ತನ್ನೂರಿನ ಬಂಗಲೆಯಲ್ಲಿರುವ ಚಿತ್ರದ ಅಚ್ಚು ಪ್ರತಿ ಎಂದು ಚೌಕಟ್ಟಿನ ಸಮೇತ ಕೊಟ್ಟುಹೋಗಿದ್ದ. ಬೇಡವೆನ್ನಲು ಇವರಿಗೆ ದಾಕ್ಷಿಣ್ಯ. ಎಸಿಯ ಪಕ್ಕ ಖಾಲಿ ಮೊಳೆಯೊಂದಿತ್ತು. ಬಂದವರೆದುರು ನಾನೂ ಸ್ವಲ್ಪ ಜಂಬ ಪಟ್ಟದ್ದುಂಟು.

ಒಂದು ವರ್ಷ ಅತ್ತೆ ವಿಸಿಟ್ ವೀಸಾದಲ್ಲಿ ಬಂದರು. ನಮ್ಮನ್ನು ನೋಡಲು ಎಂದು ನಾನು ತಿಳಿದಿದ್ದೆ, ನೋಡಿ. ಅವರು ಬಂದದ್ದು ದೊಡ್ಡ ಮಗ ಸದಾನಂದನಿಗಾಗಿ. ಮಸ್ಕತ್ತಿನಾಚೆ ಸೊಹಾರ್ ಊರಿನ ಕಡೆ ರಸ್ತೆ ಕೆಲಸಕ್ಕೆ ಬಂದಿದ್ದ ಭಾವನ ಸುದ್ದಿ ನಿಂತು ವರ್ಷಗಳಾಗಿದ್ದವು. ಇವರು ಹೋಗಿ ವಿಚಾರಿಸಿದಾಗ ಕೆಲಸಕ್ಕೆ ಕರೆಸಿಕೊಂಡ ಕಫೀಲ್ "ಖಲಾಸ್, ಹೋದ" ಎಂದು ಕೈ ಕೊಡವಿದ್ದನಂತೆ. ಎಲ್ಲಿಗೆ, ಹೇಗೆ, ಒಂದೂ ಇಲ್ಲ.

ನಮ್ಮ ತುಳುವರಲ್ಲಿ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ, ಕೋಳಿ ರೊಟ್ಟಿ ಬಡಿಸಿ, ಅವರು ಉಣ್ಣಲೆಂದು ಬಾಗಿಲೆಳೆದು ಹೊರಗೆ ಕಾಯುತ್ತೇವೆ. ಇನ್ನು ಸದಾನಂದನ ಹೆಸರಿಗೂ ಬಡಿಸಿಬಿಡಿ ಎಂದು ಊರಿನ ನೆಂಟರು ಹೇಳತೊಡಗಿದ್ದರು. ಅತ್ತೆ ಒಪ್ಪಿರಲಿಲ್ಲ. ಬದಲಿಗೆ ಅವನಿಗೆ ಪ್ರಿಯವಾದ ಒಣಸಿಗಡಿ ಚಟ್ನಿಯನ್ನು ಬಾಟಲಿಯಲ್ಲಿ ತಂದು ನಮ್ಮ ಫ್ರಿಜ್ಜಿನಲ್ಲಿಟ್ಟು, ಯಾರೂ ಮುಟ್ಟಬಾರದು ಎಂದಿದ್ದರು.

ಇವರು ಅವರನ್ನೂ ಸೊಹಾರಿಗೆ ಕರೆದೊಯ್ದರು. ಬಾಟಲಿ ಹೋದ ಹಾಗೆಯೇ ಮರಳಿ ಫ್ರಿಜ್ಜಿಗೆ ಬಂತು. ಅಷ್ಟರಲ್ಲಿ ಆಟಿಯೂ ಬಂತು. ಮಾವನ ಹೆಸರಿಗೆ ಎಲೆ ಹಾಕಿದ ಅತ್ತೆ, ದೊರೆಯ ಕೆಳಗೂ ಒಂದು ಎಲೆ ಹಾಸಿದರು.

"ಅಮ್ಮ, ಅವ ನಮ್ಮವ ಅಲ್ಲ," ಎಂದರು ಇವರು.

"ಇವ ಸತ್ತದ್ದು ಖಾತ್ರಿ ಅಲ್ವಾ?"

"ನಾನೂರು ವರ್ಷ ಆಯ್ತು."

"ಹಾಗಾದ್ರೆ ಇವನಿಗೆ ಬಡಿಸ್ಬಹುದು. ಗೋಡೆಯಲ್ಲಿ ಇಟ್ಟುಕೊಂಡು ಉಪವಾಸ ಹಾಕುದಾ?"

ಎಸಿ ಇದ್ದ ಕೋಣೆಯನ್ನು ಸತ್ತವರಿಗೆ ಬಿಟ್ಟುಕೊಟ್ಟು, ಬದುಕಿದ್ದ ನಾವು ಅಡುಗೆಮನೆಯಲ್ಲಿ ಬೆವರುತ್ತ ನಿಂತೆವು. ನನಗೆ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಬಾಗಿಲು ತೆರೆದು ಎಲೆ ಎತ್ತಲು ಬಗ್ಗಿದರೆ, ದೊರೆಯ ಎಲೆಯಲ್ಲಿ ಒಣಸಿಗಡಿ ಚಟ್ನಿ. ಒಂದಿಷ್ಟಲ್ಲ, ಬಾಟಲಿಯಷ್ಟೂ. ಅತ್ತೆ ಗೋಡೆಯ ಕಡೆ ನೋಡುತ್ತ ನಿಂತಿದ್ದರು. ನನ್ನ ನಗು ಎಲ್ಲಿ ಹೋಯಿತೋ.

ಆ ಮಾತನ್ನು ನಾವು ಯಾರೂ ಎತ್ತಲಿಲ್ಲ. ದುಃಖದ ಮಾತು ಎತ್ತುವ ರೂಢಿಯೇ ಈ ಮನೆಯಲ್ಲಿಲ್ಲ. ಆ ರೂಢಿಯ ಬಗ್ಗೆ ನನಗೆ ಇಂದಿಗೂ ಬೇಸರವಿದೆ.

ತೊಂಬತ್ತರ ದಶಕದಲ್ಲಿ ನಾವು ಮಸ್ಕತ್ ಬಿಟ್ಟಾಗ ದೊರೆ ಲಗೇಜಿನಲ್ಲಿ ಹಿಡಿಸಲಿಲ್ಲ, ಗೋಡೆಯಲ್ಲೇ ಉಳಿದ. ಅತ್ತೆ ಮಾತ್ರ ಆಟಿ ಬಂದಾಗಲೆಲ್ಲ ಕೇಳುತ್ತಿದ್ದರು: "ಅವ ಅಲ್ಲಿ ಇರಬಹುದಾ?" ಯಾರ ಬಗ್ಗೆ ಕೇಳುತ್ತಿದ್ದಾರೆಂದು ನಾನು ಬಿಡಿಸಿ ಕೇಳುತ್ತಿರಲಿಲ್ಲ. ಇರಬಹುದು ಅತ್ತೆ, ಎನ್ನುತ್ತಿದ್ದೆ.

ಈಗ ದೊರೆಯ ಸುದ್ದಿಯೇನೋ ಸಿಕ್ಕಿತು. ಅವನು ತನ್ನ ಮನೆಯಲ್ಲಿ ಸುಖವಾಗಿದ್ದಾನೆ. ಕೇಳಲು ಅತ್ತೆ ಇಲ್ಲ. ಈ ಆಟಿಗೆ ಅವರ ಎಲೆಯ ಪಕ್ಕ ಇನ್ನೊಂದು ಎಲೆ ಹಾಸಬೇಕೆಂದು ಒಣಸಿಗಡಿ ತಂದಿಟ್ಟಿದ್ದೇನೆ. ಯಾರಿಗೆ ಎಂದು ಇವರು ಕೇಳಿದರೆ, ದೊರೆಗೆ ಎನ್ನುತ್ತೇನೆ.