ಹೇಳದೆ ಹೋದ ಕೆಂಪು ಮೆಣಸಿನಕಾಯಿ

ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆ. ಶಹಾಪುರದಲ್ಲಿ ಕೂತು ಇದನ್ನೂ ಬರೆಯಬೇಕೆ ಎಂದು ನೀವು ನಗಬಹುದು. ನಮ್ಮ ಓಣಿ ಬೆಳಿಗ್ಗೆ ಕಣ್ಣು ಬಿಡುವುದೇ ಈ ಸದ್ದಿಗೆ. ಆದರೆ ಹೋದ ವರ್ಷದಿಂದ ಅದು ಕಿವಿಗೆ ಬಿದ್ದಾಗಲೆಲ್ಲ ನನಗೆ ಇಬ್ಬರು ನೆನಪಾಗುತ್ತಾರೆ. ಒಬ್ಬಳು ನನ್ನನ್ನು ಎತ್ತಿ ಆಡಿಸಿದ ಅಕ್ಕ. ಇನ್ನೊಬ್ಬಳ ಮುಖ ನೋಡಿಲ್ಲ, ಹೆಸರೂ ಗೊತ್ತಿಲ್ಲ.

ಮೊದಲು ನನ್ನ ಕಾಲಿನ ಕಥೆ ಹೇಳಿಬಿಡುತ್ತೇನೆ. ಭೀಮರಾಯನಗುಡಿಯ ಕಚೇರಿಯಿಂದ ಮನೆಗೆ ಬರುವಾಗ ಎದುರಿಗೆ ಬಂದ ಎಮ್ಮೆಗೆ ದಾರಿ ಬಿಡಲು ಹೋಗಿ ಬೈಕಿನ ಸಮೇತ ಕಾಲುವೆ ಪಕ್ಕದ ತಗ್ಗಿಗೆ ಬಿದ್ದೆ. ಎಮ್ಮೆಗೆ ಏನೂ ಆಗಲಿಲ್ಲ. ನನಗೆ ತೊಡೆಯವರೆಗೆ ಪ್ಲಾಸ್ಟರ್ ಬಿತ್ತು. ಮಂಚದ ಮೇಲೆ ಬಿದ್ದವನ ಗೊಣಗಾಟ ಕೇಳಲಾರದೆ ಮಗ ನನ್ನ ಮೊಬೈಲಿಗೆ ಒಂದು ಆಟ ಹಾಕಿಕೊಟ್ಟ. ಅದರಲ್ಲಿ ನನಗೆ ‘ಶಹಾಪುರ ಶೇರ್’ ಎಂದು ಅವನೇ ಹೆಸರಿಟ್ಟ. ಶೌಚಕ್ಕೂ ಇನ್ನೊಬ್ಬರ ಹೆಗಲು ಹಿಡಿಯಬೇಕಾದ ಹುಲಿ!

ಆಟ ಇಷ್ಟೇ. ಗುರುತಿಲ್ಲದ ನಾಲ್ಕು ಜನರನ್ನು ಒಂದು ತಂಡ ಮಾಡಿ ದ್ವೀಪವೊಂದಕ್ಕೆ ಇಳಿಸುತ್ತಾರೆ. ಬಂದೂಕು ಹುಡುಕಬೇಕು, ಬೇರೆ ತಂಡದವರನ್ನು ಹೊಡೆಯಬೇಕು. ಸುತ್ತಲಿಂದ ವಿಷದ ಹೊಗೆ ಮುತ್ತಿಕೊಳ್ಳುತ್ತ ಬರುತ್ತದೆ, ಒಳಗೆ ಓಡದವರು ಸಾಯುತ್ತಾರೆ. ನಾನು ಓಡಿದರೂ ಸಾಯುತ್ತಿದ್ದೆ. ತಂಡದವರು ಆಡುತ್ತಲೇ ಫೋನಿನಂತೆ ಮಾತಾಡಿಕೊಳ್ಳಬಹುದು. ನನ್ನನ್ನು ಹಿಡಿದು ಕೂರಿಸಿದ್ದು ಆಟವಲ್ಲ, ಕಿವಿಗೆ ಬೀಳುತ್ತಿದ್ದ ಮಂದಿಯ ಮನೆಗಳು. ಒಬ್ಬನ ಹಿಂದೆ ಕುಕ್ಕರ್ ಕೂಗುತ್ತಿತ್ತು, ಇನ್ನೊಬ್ಬನಿಗೆ ಅವನ ತಾಯಿ ಬೈಯುತ್ತಿದ್ದಳು, ಎಲ್ಲೋ ಕೂಸು ಅಳುತ್ತಿತ್ತು. ಒಂದಿಷ್ಟು ಹೊತ್ತು ಹತ್ತು ಮನೆಯ ಅಂಗಳದಲ್ಲಿ ಕೂತು ಬಂದಂತಾಗುತ್ತಿತ್ತು.

ಅಕ್ಕನನ್ನು ತೆಲಂಗಾಣದ ಗಡಿಯ ಗುರುಮಠಕಲ್‌ಗೆ ಕೊಟ್ಟಿತ್ತು. ಅಲ್ಲಿ ಹೋಗಿ ತೆಲುಗು ಕಲಿತಳು, ಕಲಿತ ತೆಲುಗನ್ನೆಲ್ಲ ಸಿಟ್ಟಿಗೆ ಮೀಸಲಿಟ್ಟಳು. ಫೋನಿನಲ್ಲಿ ತೆಲುಗು ಶುರುವಾಯಿತೆಂದರೆ ನಾನು ಏನೋ ತಪ್ಪು ಮಾಡಿದ್ದೇನೆ ಎಂದು ಅರ್ಥ. ಪ್ರೀತಿ ಮಾತ್ರ ಕನ್ನಡದಲ್ಲೇ. “ಉಂಡಿಯೇನೋ ಸಣ್ಣ್ಯಾ?” ಎನ್ನುತ್ತಿದ್ದಳು. ಉತ್ತರ ಕೇಳಿಸಿಕೊಳ್ಳುವ ತಾಳ್ಮೆ ಅವಳಿಗೆ ಇರಲಿಲ್ಲ. ಐವತ್ತು ದಾಟಿದ ಮೇಲೂ ನಾನು ಸಣ್ಣ್ಯಾನೇ. ಸಣ್ಣವನಿದ್ದಾಗ ಅವಳು ರೊಟ್ಟಿ ಬಡಿಯುವ ಕಡೆ ಹೋಗಿ ಕೂತರೆ ಹಂಚಿನಿಂದ ಇಳಿದ ಮೊದಲ ರೊಟ್ಟಿ ನನ್ನದು. ಅವ್ವ ಬೈದರೂ ಅವಳು ಕೇಳುತ್ತಿರಲಿಲ್ಲ.

ಆ ಅಕ್ಕ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ತೀರಿಕೊಂಡಳು. ಹೆಂಡತಿ, ಮಗ ಸಿಕ್ಕ ಗಾಡಿ ಹತ್ತಿ ಗುರುಮಠಕಲ್‌ಗೆ ಹೋದರು. ನನ್ನನ್ನು ಮಲಗಿಸಿ ಒಯ್ಯಲು ಆ ಹೊತ್ತಿಗೆ ಗಾಡಿ ಸಿಗಲಿಲ್ಲ. ಮಧ್ಯಾಹ್ನವೇ ಮಣ್ಣು. ಕಡೆಗೆ ಒಂದು ಹಿಡಿ ಮಣ್ಣು ಕೊಡುವುದು ಒಡಹುಟ್ಟಿದವನ ಕೆಲಸ, ಅದೂ ನನ್ನಿಂದ ಆಗಲಿಲ್ಲ. ದುಃಖದವರನ್ನು ಮಾತಾಡಿಸುವ ಜನವೂ ಸಾವಾದ ಮನೆಗೆ ಹೋಗುತ್ತದೆ, ಕಾಲು ಮುರಿದ ತಮ್ಮನ ಕಡೆ ಯಾರು ಬಂದಾರು? ಓಣಿಯವರೆಲ್ಲ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದರು. ಗೋಡೆ ನೋಡಿದೆ, ಗಡಿಯಾರ ನೋಡಿದೆ, ಅತ್ತೆ. ಆಮೇಲೆ ರೂಢಿಯಾದ ಕೈ ತಾನಾಗಿ ಮೊಬೈಲಿಗೆ ಹೋಯಿತು. ಅಕ್ಕನ ಮಣ್ಣಿನ ದಿನ ಆಟ ಆಡಿದನೇ ಎಂದು ಬೈಯುತ್ತೀರಿ. ಬೈಯಿರಿ. ನನಗೆ ಆಗ ಯಾರದಾದರೂ ಮನೆಯ ಸದ್ದು ಬೇಕಾಗಿತ್ತು.

ದ್ವೀಪದಲ್ಲಿ ಇಳಿದಲ್ಲೇ ನಿಂತುಬಿಟ್ಟೆ. ಉಳಿದ ಮೂವರು ಓಡಿದರು. ಅವರಲ್ಲಿ ‘ಕೆಂಪು ಮೆಣಸಿನಕಾಯಿ’ ಎಂದು ಹೆಸರಿಟ್ಟುಕೊಂಡ ಹುಡುಗಿ ನನ್ನ ಹೆಸರು ನೋಡಿ ಕನ್ನಡದಲ್ಲೇ ಕೂಗಿದಳು.

“ಏ ಶಹಾಪುರ ಶೇರ್, ಎಲ್ಲಿ ನಿಂತೀರಿ? ಲಗೂ ಬರ್ರಿ, ಹೊಗಿ ಬರಾಕತ್ತೈತಿ. ನಾನೂ ನಿಮ್ಮ ಕಡಿಯಾಕಿನೇ, ಸುರಪುರದಾಕಿ.”

“ನೀವು ಹೋಗ್ರಿ ತಂಗಿ,” ಎಂದೆ. ದನಿ ಒಡೆಯಿತು.

“ಅಳಾಕತ್ತೀರೇನ್ರಿ ಕಾಕಾ? ಏನಾತು?”

“ನಮ್ಮಕ್ಕ ತೀರಿಕೊಂಡಾಳ. ಅಲ್ಲಿ ಮಣ್ಣು ಮಾಡಾಕತ್ತಿರಬೇಕು. ನಾ ಇಲ್ಲಿ ಕಾಲು ಮುರಕೊಂಡು ಮಂಚದ ಮ್ಯಾಲ ಅದೀನಿ.”

ಅವಳ ಹಿಂದೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ಅದು ನಿಂತಿತು. ವಯಸ್ಸಾದ ದನಿಯೊಂದು, “ಯಾರು ಸತ್ತಾರ?” ಎಂದು ಕೇಳಿತು.

“ನನ್ನ ಜೋಡಿ ಆಡೋ ಕಾಕಾನ ಅಕ್ಕ ಅಂತಬೇ.”

“ಅಯ್ಯ, ಹಂಗ ಆಡ್ಕೋತ ಕೇಳ್ತಾರೇನ? ಕುಂತು ಮಾತಾಡ್ಸು.”

ಆ ತಾಯಿಗೆ ಆಟದ ಗಂಧವೂ ಇದ್ದಿರಲಿಕ್ಕಿಲ್ಲ. ಆದರೆ ಸಾವಿನ ಸುದ್ದಿ ಕೇಳಿದ ಮೇಲೆ ಏನು ಮಾಡಬೇಕು ಎನ್ನುವುದು ಗೊತ್ತಿತ್ತು. ಮಗಳು ಆಟದೊಳಗೆ ಅಷ್ಟು ದೂರದಿಂದ ಓಡಿ ಬಂದು, ಬಂದೂಕು ಕೆಳಗೆ ಹಾಕಿ, ನನ್ನ ಗೊಂಬೆಯ ಎದುರು ತನ್ನ ಗೊಂಬೆಯನ್ನು ಕೂರಿಸಿದಳು. ಉಳಿದಿಬ್ಬರಿಗೆ ಹಿಂದಿಯಲ್ಲಿ ವಿಷಯ ತಿಳಿಸಿದಳು. ಒಬ್ಬ ಸೋತುಹೋಗುತ್ತೇವೆ ಎಂದು ಗೊಣಗಿದ. “ಹಾರ್‌ನೇ ದೋ ಭಾಯ್,” ಸೋತರೆ ಸೋಲೋಣ ಬಿಡು ಎಂದಳು. ಅವನೂ ಬಂದ. ಇನ್ನೊಬ್ಬನ ದನಿಯನ್ನು ನಾನು ಒಮ್ಮೆಯೂ ಕೇಳಲಿಲ್ಲ, ಆದರೆ ಅವನು ಆಗಲೇ ಬಂದು ಕೂತಾಗಿತ್ತು.

“ನಿಮ್ಮಕ್ಕ ಹ್ಯಾಂಗಿದ್ಳ್ರಿ ಕಾಕಾ?” ಎಂದು ಕೇಳಿದಳು.

ಹೇಳಿದೆ. ತೆಲುಗಿನ ಬೈಗಳು ಹೇಳಿದೆ, ಮೊದಲ ರೊಟ್ಟಿ ಹೇಳಿದೆ. ಅವಳು ನಮ್ಮ ಕಡೆಯ ಹೆಂಗಸರಂತೆ “ಹೌದ್ರಿ, ಹೌದ್ರಿ” ಎನ್ನುತ್ತ ಕೇಳಿದಳು. ಬೇರೆ ತಂಡದವನೊಬ್ಬ ದಿಬ್ಬ ಹತ್ತಿ ಬಂದು ನಮಗೆ ಗುರಿ ಹಿಡಿದ. ನೆಲದ ಮೇಲಿನ ಬಂದೂಕುಗಳನ್ನೂ ಕೂತ ನಾಲ್ವರನ್ನೂ ನೋಡಿದ. ಏನು ತಿಳಿಯಿತೋ, ಹೊಡೆಯದೆ ಇಳಿದು ಹೋದ. ಆಮೇಲೆ ಹೊಗೆ ಬಂತು. ಯಾರೂ ಏಳಲಿಲ್ಲ. ಕೂತಲ್ಲೇ ಒಬ್ಬೊಬ್ಬರಾಗಿ ಉರುಳಿದೆವು.

ಆಟ ಮುಗಿದ ಮೇಲೆ ಪರದೆಯ ಮೇಲೆ ನಾಲ್ಕು ಹೆಸರು ಬಂದವು. ಪ್ರತಿ ಹೆಸರಿನ ಪಕ್ಕ ಒಂದು ಗುಂಡಿ ಇರುತ್ತದೆ, ಒತ್ತಿದರೆ ಅವರು ಮತ್ತೆ ಸಿಗುತ್ತಾರೆ. ಒತ್ತದಿದ್ದರೆ ಆ ಜನಸಾಗರದಲ್ಲಿ ಎಲ್ಲೋ ಹೋಗಿಬಿಡುತ್ತಾರೆ. ಮೆಣಸಿನಕಾಯಿ ‘ಬರ್ತೀನಿ’ ಎನ್ನದೆ ಎದ್ದು ಹೋದಳು. ಅದು ಸರಿಯೇ. ಸಾವಿನ ಮನೆಯಿಂದ ಹೇಳಿ ಹೋಗುವಂತಿಲ್ಲ. ಹೋಗುವವರನ್ನು ಹಿಂದಿನಿಂದ ಕರೆಯುವಂತೆಯೂ ಇಲ್ಲ. ಗುಂಡಿಯ ಹತ್ತಿರ ಹೋದ ನನ್ನ ಬೆರಳು ಹಿಂದಕ್ಕೆ ಬಂತು. ಹಳೆಯ ಕಾಲದ ಮನುಷ್ಯ ನೋಡಿ, ಮೊಬೈಲಿನಲ್ಲೂ ಪದ್ಧತಿ ಬಿಡಲಿಲ್ಲ.

ಮರುದಿನದಿಂದ ಅವಳನ್ನು ಹುಡುಕಿದೆ. ಆ ಆಟದಲ್ಲಿ ಮೆಣಸಿನಕಾಯಿಗಳಿಗೆ ಬರವಿಲ್ಲ. ಹಸಿ, ಒಣ, ಕೆಂಪು, ಎಲ್ಲವೂ ಸಿಕ್ಕವು. ಸುರಪುರದ ದನಿ ಸಿಗಲಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ಗುರುಮಠಕಲ್‌ಗೆ ಹೋಗಿ ಅಕ್ಕನ ಸಮಾಧಿಯ ಗದ್ದುಗೆಗೆ ಹಣೆ ಹಚ್ಚಿ ಬಂದೆ. ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ನಮ್ಮ ಮನೆಯ ಸಾವಿಗೆ ಬಂದು ಕೂತವರ ಮನೆಯಲ್ಲಿ ನಾಳೆ ಸಾವಾದರೆ ನಾವು ಹೋಗಲೇಬೇಕು. ಎಷ್ಟು ಜಗಳವಿದ್ದರೂ ಇದನ್ನು ಯಾರೂ ತಪ್ಪಿಸುವುದಿಲ್ಲ. ನಾನು ಯಾರ ಮನೆಗೆ ಹೋಗಲಿ?

ಅದಕ್ಕೇ ಈಗ ಸುರಪುರದಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಕಿವಿಗೆ ಬಿದ್ದರೆ ಬಸ್ಸು ಹತ್ತುತ್ತೇನೆ. ಅಂಗಳದಲ್ಲಿ ಗಂಡಸರ ನಡುವೆ ಕೂತು ಒಳಗಿನ ಹೆಂಗಸರ ದನಿಗೆ ಕಿವಿ ಕೊಡುತ್ತೇನೆ. ಒಮ್ಮೆ ಹಿರಿಯರೊಬ್ಬರು, “ನೀವು ಏನಾಗಬೇಕ್ರಿ?” ಎಂದು ಕೇಳಿದರು. ನೀರು ಕುಡಿದು, ಹೇಳದೆ ಎದ್ದು ಬಂದೆ. ಆ ದನಿ ಸಿಗಲಿ ಎಂದು ಹೋಗುತ್ತೇನೆ. ಸಿಗದಿರಲಿ, ಅವಳ ಮನೆ ತಣ್ಣಗಿರಲಿ ಎಂದು ಬೇಡಿಕೊಳ್ಳುತ್ತ ಕೂರುತ್ತೇನೆ.

ನಿನ್ನೆಯೂ ಕಚೇರಿಯಲ್ಲಿ ಅಂಥ ಒಂದು ಸುದ್ದಿ ಬಂತು. ತೀರಿಕೊಂಡವಳು ಯಾರೋ ವಯಸ್ಸಾದ ತಾಯಿ, ಮನೆಯಲ್ಲಿ ಮಗಳೊಬ್ಬಳೇ ಇದ್ದಾಳಂತೆ. ಪಕ್ಕದ ಮನೆಯ ರೊಟ್ಟಿ ಸದ್ದು ಈಗಷ್ಟೇ ನಿಂತಿತು. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೇನೆ.

“ಮತ್ತ ಸುರಪುರಕ್ಕೇನ್ರಿ? ಅವ್ರು ನಮಗೇನಾಗಬೇಕು?” ಎಂದು ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

“ಏನೂ ಆಗಬೇಕಾಗಿಲ್ಲ.”

“ಮತ್ತ ಯಾಕ ಹೊಂಟೀರಿ?”

“ನೀವೆಲ್ಲ ಗುರುಮಠಕಲ್ಲಿಗೆ ಹೋದಾಗ,” ಎಂದೆ, “ಅವ್ರು ಇಲ್ಲಿಗೆ ಬಂದಿದ್ರು.”