ಎಪ್ಸಿಲಾನ್ ಮತ್ತು ಹಾಲಿನ ಡೈರಿ

ನಾನು ಹುಟ್ಟಾ ಪುಕ್ಕಲಿ. ನಂಜನಗೂಡಿನಿಂದ ದಿನಾ ಬಸ್ಸಿನಲ್ಲಿ ಟಿ. ನರಸೀಪುರದ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಮಕ್ಕಳಿಗೆ ಗಣಿತ ಹೇಳುವ ಅತಿಥಿ ಉಪನ್ಯಾಸಕಿಗೆ ಧೈರ್ಯ ಎಲ್ಲಿಂದ ಬರಬೇಕು? ಪ್ರಶ್ನೆಪತ್ರಿಕೆ ಇಂಗ್ಲಿಷು, ಮಕ್ಕಳು ಓದಿ ಬಂದದ್ದು ಕನ್ನಡ ಶಾಲೆ. ಹಾಗಾಗಿ ಬೋರ್ಡಿನ ಮೇಲೆ ಇಂಗ್ಲಿಷ್ ಬರೆದು, ಬಾಗಿಲು ಮುಚ್ಚಿಕೊಂಡು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ.

ಒಂದು ದಿನ ತಲಕಾಡು ಕಡೆಯ ಹುಡುಗಿಯೊಬ್ಬಳು ಎದ್ದು, "ಈ ಎಪ್ಸಿಲಾನು ಡೆಲ್ಟಾ ತಲೆಗೇ ಓಯ್ತಿಲ್ಲ ಮೇಡಂ" ಎಂದಳು. ಒಂದು ಸಬ್ಜೆಕ್ಟ್ ಹೋದರೂ ಕಾಲೇಜು ಬಿಡಿಸುತ್ತೇನೆಂದು ಅವಳಪ್ಪ ಹೇಳಿಟ್ಟಿದ್ದರು.

"ಡೈರಿಗೆ ಹಾಲು ಹಾಕ್ತೀರಲ್ಲಮ್ಮ? ಫ್ಯಾಟಲ್ಲಿ ಅವರು ಎಷ್ಟು ಏರುಪೇರು ಒಪ್ತಾರೋ ಅದು ಎಪ್ಸಿಲಾನ್. ಅಷ್ಟರೊಳಗೇ ನಿಲ್ಲಬೇಕಾದರೆ ಹಸುವಿನ ಹಿಂಡೀಲಿ ಎಷ್ಟು ಏರುಪೇರು ಮಾಡಬಹುದೋ ಅದು ಡೆಲ್ಟಾ" ಎಂದೆ.

ಕ್ಲಾಸು ಗೊಳ್ಳೆಂದಿತು. ಬಾಗಿಲು ತೆರೆಯಿತು. ಪ್ರಿನ್ಸಿಪಾಲರು! "ಏನ್ ಮೇಡಂ, ಹಿಂಡಿ ವ್ಯಾಪಾರಾನಾ? ನಾಳೆಯಿಂದ ಇಂಗ್ಲಿಷ್ ಮಾತ್ರ. ಇಲ್ಲಾಂದ್ರೆ ಮುಂದಿನ ವರ್ಷ ನಿಮ್ಮನ್ನ ತಗೊಳ್ಳೋದು ಕಷ್ಟ ಆಗ್ತದೆ." "ಆಗಲಿ ಸರ್" ಎಂದು ಬೋರ್ಡು ಒರೆಸಿಬಿಟ್ಟೆ.

ಮುಂದಿನ ಪಾಠ ಮೀನ್ ವ್ಯಾಲ್ಯೂ ಥಿಯರಂ. ಕಾರಿಡಾರಿನ ಕಡೆ ಒಂದು ಕಿವಿಯಿಟ್ಟು, ಪೂರ್ತಿ ಇಂಗ್ಲಿಷಿನಲ್ಲೇ ಒದರಿದೆ. ಮಕ್ಕಳು ಬೋರ್ಡು ನೋಡಿ ಇಳಿಸಿಕೊಂಡರು. ಬೇಗ ಮುಗಿಯಿತಲ್ಲ, ಸದ್ಯ, ಎಂದುಕೊಂಡೆ.

ಪರೀಕ್ಷೆಯ ದಿನ ಆ ಹುಡುಗಿ ನಗುತ್ತಾ ಓಡಿಬಂದಳು. "ಎಪ್ಸಿಲಾನ್ ಬಂದಿತ್ತು ಮೇಡಂ! ಇಂಗ್ಲಿಷು ಮರ್ತೋಯ್ತು. ನೀವೇಳಿದ್ದಂಗೇ ಡೈರಿ, ಹಿಂಡಿ ಎಲ್ಲಾನೂ ಕನ್ನಡದಲ್ಲೇ ಬರ್ದ್ಬುಟ್ಟೆ!"

ಹೆದರಿದವರ ಮೇಲೆ ಹಾವು ಬಿಟ್ಟಂಗೆ ಅಂತಾರಲ್ಲ, ಹಾಗಾಯಿತು. ಗಣಿತದ ಉತ್ತರದಲ್ಲಿ ಹಸು ಕಂಡ ಪರೀಕ್ಷಕರು ಸುಮ್ಮನಿರುತ್ತಾರೆಯೇ? ಯಾರು ಕಲಿಸಿದ್ದೆಂದು ಕೇಳಿದರೆ? ಅದಿರಲಿ, ಇವಳ ಓದು ನನ್ನ ಬಾಯಿಂದಲೇ ಹೋಯಿತಲ್ಲ! ಫಲಿತಾಂಶ ಬರುವವರೆಗೂ ಪ್ರಿನ್ಸಿಪಾಲರ ಕಣ್ಣು ತಪ್ಪಿಸಿಕೊಂಡೇ ಓಡಾಡಿದೆ.

ಗಣಿತದಲ್ಲಿ ಅವಳು ಫೇಲಾದಳು.

ಕೆಲವು ವಾರಗಳ ನಂತರ, ಯೂನಿವರ್ಸಿಟಿಯಿಂದ ತರಿಸಿಕೊಂಡ ಉತ್ತರಪತ್ರಿಕೆಯ ಜೆರಾಕ್ಸ್ ಹಿಡಿದು ಸ್ಟಾಫ್ ರೂಮಿಗೆ ಬಂದಳು. "ಟಿ.ಸಿ. ಈಸ್ಕೊಂಡೋಗಕ್ಕೆ ಅಪ್ಪ ಬಂದವ್ರೆ. ನೀವೊಂದ್ಸಲ ನೋಡ್ಬುಡಿ ಮೇಡಂ." ಪುಟ ತಿರುಗಿಸಿದೆ. ಡೈರಿ ಸಿಕ್ಕಿತು. ಕನ್ನಡದ ಸಾಲುಗಳು, ಪಕ್ಕದಲ್ಲಿ ತಪ್ಪಿಲ್ಲದ ಸಂಕೇತಗಳು. ಕೆಂಪು ಶಾಯಿಯಲ್ಲಿ ಐದಕ್ಕೆ ಐದು.

ಹಾಗಾದರೆ ಅಂಕ ಹೋದದ್ದೆಲ್ಲಿ? ಮತ್ತೆ ಮತ್ತೆ ತಿರುಗಿಸಿದೆ. ಮೀನ್ ವ್ಯಾಲ್ಯೂ ಥಿಯರಂನ ಮೂರು ಪ್ರಶ್ನೆಗಳ ಸಂಖ್ಯೆ ಮಾತ್ರ ಬರೆದು, ಜಾಗ ಖಾಲಿ ಬಿಟ್ಟಿದ್ದಳು.

ಆಫೀಸಿನ ಮುಂದೆ ಅವಳಪ್ಪ ಸಾಲಿನಲ್ಲಿ ನಿಂತಿದ್ದರು. ಅವಳು ಆ ಖಾಲಿ ಜಾಗವನ್ನೇ ನೋಡುತ್ತಾ ಮೆಲ್ಲಗೆ ಕೇಳಿದಳು: "ಇದೊಂದ್ನ ಯಾಕೆ ಮೇಡಂ ನೀವು ನಮ್ಗೆ ಏಳ್ಕೊಡ್ಲೇ ಇಲ್ಲ?"