ನಾಗಮ್ಮತ್ತೆಯ ದನಿ ಸಾಹೇಬರದಾದದ್ದು

ನಿನ್ನೆ ಕಂಪ್ಯೂಟರಿಗೆ ಹೊಸ ಲಿನಕ್ಸ್ ತಂತ್ರಾಂಶ ಹಾಕಿದೆ. ಇವತ್ತು ಬೆಳಿಗ್ಗೆ, ಚುನಾವಣೆಗೆ ನಿಂತವರೊಬ್ಬರು ನನ್ನಲ್ಲಿ ಮುದ್ರಿಸಿ ಹೋದ ಪ್ರಚಾರದ ಮಾತನ್ನು ಕೇಳಿ ನೋಡಿದರೆ ದನಿ ಜಗ್ಗುತ್ತಿದೆ. ಮತ ಕೇಳಲು ಬಂದ ಮನುಷ್ಯ ಮತ ಹಾಕಿರೆಂದು ಅಪ್ಪಣೆ ಕೊಡಿಸುತ್ತಿದ್ದಾನೆ! ನೀವಾಗಿದ್ದರೆ ಯಂತ್ರಕ್ಕೆ ಶಾಪ ಹಾಕುತ್ತಿದ್ದಿರಿ. ನಾನು ಒಬ್ಬನೇ ನಕ್ಕೆ. ಒಳಗಿನಿಂದ ಹೆಂಡತಿ "ಏನಾತ್ರಿ?" ಎಂದಳು. "ನಾಗಮ್ಮತ್ತಿ ನೆನಪಾತು" ಎಂದೆ.

ಸುರಪುರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಾನು ಬಹಳ ವರ್ಷಗಳಿಂದ ಧ್ವನಿಮುದ್ರಣದ ಹುಚ್ಚು ಸಾಕಿಕೊಂಡಿದ್ದೇನೆ. ಹಗಲು ಕಚೇರಿಯ ಗುಮಾಸ್ತ, ಸಂಜೆ ಧ್ವನಿತಜ್ಞ. ತಜ್ಞ ಎಂದು ಕರೆಯುವವನು ನಾನೊಬ್ಬನೇ, ಇರಲಿ. ನನ್ನ ಹಳೆಯ ಕಂಪ್ಯೂಟರಿನಲ್ಲಿ ಎರಡು ಧ್ವನಿ ಸರ್ವರುಗಳಿದ್ದವು, ಅಂದರೆ ದನಿ ಸಾಗಿಸುವ ತಂತ್ರಾಂಶಗಳು. ಒಂದು ಮೈಕಿನ ಮಾತನ್ನು ಹಿಡಿಯುವುದು, ಇನ್ನೊಂದು ಅದನ್ನು ಕಡತವಾಗಿಸಿ ಕೇಳಿಸುವುದು. ಒಂದೇ ಒಲೆಯ ಮೇಲೆ ಅಡುಗೆ ಮಾಡುವ ಇಬ್ಬರು ವಾರಗಿತ್ತಿಯರಂತೆ ಅವುಗಳಿಗೆ ಎಂದೂ ಹೊಂದಾಣಿಕೆ ಇರಲಿಲ್ಲ.

ನಾಗಮ್ಮತ್ತೆ ನನ್ನ ತಂದೆಯ ತಂಗಿ. ಕೆಂಭಾವಿಯ ಕಡೆ ಅವಳ ಮೆಣಸಿನಕಾಯಿ ಹೊಲ, ಅದೂ ಕಾಲುವೆಯ ಕಟ್ಟಕಡೆಗೆ. ಮೇಲಿನ ಹೊಲದವರು ಕಾಲುವೆಯ ಏರಿಯ ಮೇಲೆ ಪೈಪು ಇಳಿಬಿಟ್ಟು ಭತ್ತಕ್ಕೆ ನೀರು ಹೀರಿಕೊಂಡರೆ ಅತ್ತೆಯ ಪಾಲಿಗೆ ಒಣ ಮಣ್ಣು ಉಳಿಯುತ್ತಿತ್ತು. ನೀರು ಬಳಕೆದಾರರ ಸಂಘದಲ್ಲಿ ಅವಳು ಸದಸ್ಯೆ. ಸಭೆಯಲ್ಲಿ ಅವಳು ಗಡಿಬಿಡಿಯಿಂದ ಮಾತಾಡುತ್ತಿದ್ದಳು, ಉಳಿದವರು ಅಷ್ಟೇ ಆರಾಮಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಒಂದು ದಿನ ಅತ್ತೆ ನನ್ನ ಕೋಣೆಗೆ ಬಂದು ಮೈಕಿನ ಮುಂದೆ ಕುಳಿತಳು. "ಮ್ಯಾಲಿನ ಹೊಲದಾವ್ರು ಪೈಪ್ ತಗೀರಿ. ಕೊನಿ ಹೊಲಕ್ಕ ನೀರು ಬರವಲ್ದು. ಗಿಡ ಬಾಡಾಕತ್ಯಾವ." ಇಷ್ಟೇ ಮಾತು. ಹೆಸರು ಹೇಳು ಎಂದೆ. "ಹೆಸರ್ಯಾಕ? ನನ್ನ ದನಿ ಯಾರಿಗೆ ಗೊತ್ತಿಲ್ಲ?" ಎಂದಳು. ಕರೆಂಟು ಹೋಗುವ ಮೊದಲು, ಕೇಳಿಯೂ ನೋಡದೆ, ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಮರುದಿನ ಅತ್ತೆ ಬಾಡಿಗೆ ಆಟೋದ ಮೇಲೆ ಧ್ವನಿವರ್ಧಕದ ಭೋಂಗಾ ಕಟ್ಟಿಸಿ ಕಾಲುವೆಯುದ್ದಕ್ಕೂ ಅದನ್ನು ಸಾರಿಸಿದಳು.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ನಾವು ಮಾತಾಡುವುದು ಜಗಳಾಡಿದ ಹಾಗೆ, ಪಟಪಟನೆ. ನಿಧಾನವಾಗಿ, ಶಬ್ದ ಎಳೆದು ಮಾತಾಡುವವನೆಂದರೆ ಸಾಹೇಬ. ಅರ್ಜಿ ಕೊಡುವವನಿಗೆ ಅವಸರ, ತೆಗೆದುಕೊಳ್ಳುವವನಿಗೇನು? ಅತ್ತೆಯ ದನಿ ಮೊದಲೇ ದಪ್ಪ. ಆಟೋದಿಂದ ಅದು ಇನ್ನಷ್ಟು ದಪ್ಪವಾಗಿ, ಗಂಭೀರವಾಗಿ, ಒಂದೊಂದೇ ಶಬ್ದ ತೂಗಿಕೊಂಡು ಹೊರಬಂತು. "ಯಾರೋ ಹೊಸಾ ಸಾಹೇಬ್ರು ಬಂದಾರ, ಆರ್ಡರ್ ಮಾಡ್ಯಾರ" ಎಂದು ಸುದ್ದಿಯಾಯಿತು. ಸಂಜೆಯೊಳಗೆ ಪೈಪುಗಳೆಲ್ಲ ಮನೆ ಸೇರಿದವು. ಅತ್ತೆಯ ಹೊಲ ತುದಿಯವರೆಗೆ ತೊಯ್ದಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದೆವು. ಆದರೆ ಮುಂದಿನ ಸಭೆಯಲ್ಲಿ ಆ ಹೊಸ ಸಾಹೇಬರನ್ನು ಹುಡುಕಿ ಶಾಲು ಹೊದಿಸಬೇಕೆಂದು ಠರಾವು ಮಾಡಿದರು. ಅತ್ತೆ ಎದ್ದು ನಿಂತು, "ಆ ದನಿ ನಂದs" ಎಂದಳು. ಸಭೆಯೆಲ್ಲ ನಕ್ಕಿತು. ಅಧ್ಯಕ್ಷರು ಬಹಳ ಮರ್ಯಾದೆಯಿಂದ, "ಅಕ್ಕೋರ, ನಿಮ್ಮ ಮಾತಿಗೆ ಯಾರ್ ಪೈಪ್ ತಗದಾರ್ರಿ?" ಎಂದರಂತೆ.

ಅಲ್ಲಿಂದ ಅತ್ತೆ ನೇರವಾಗಿ ನಮ್ಮ ಮನೆಗೇ ಬಂದಳು. ಪೆನ್‌ಡ್ರೈವನ್ನು ಮೇಜಿನ ಮೇಲೆ ಕುಕ್ಕಿ, "ನನ್ನ ದನಿ ಎಲ್ಲಿಟ್ಟೀದಿ?" ಎಂದಳು.

ಶುರುವಾಯಿತು ನನ್ನ ಪಾಂಡಿತ್ಯ. ಮೈಕ್ ಬದಲಿಸಿದೆ. ವೈರು ಬದಲಿಸಿದೆ. ಸ್ಪೀಕರಿನ ಮೇಲೆ ಸುಮ್ಮನೆ ಸಂಶಯಪಟ್ಟೆ. ಎಲ್ಲ ಅಳಿಸಿ ಮತ್ತೆ ಹಾಕಿದೆ. ದನಿ ಜಗ್ಗುತ್ತಲೇ ಇತ್ತು. ಕೊನೆಗೆ ಎರಡೂ ಸರ್ವರುಗಳ ಸೆಟ್ಟಿಂಗನ್ನು ಪಕ್ಕಪಕ್ಕದಲ್ಲಿ ತೆರೆದು ನೋಡಿದಾಗ ಕಳ್ಳ ಸಿಕ್ಕ. ಒಂದು ಸರ್ವರು ಸೆಕೆಂಡಿನ ಮಾತನ್ನು ನಲವತ್ತೆಂಟು ಸಾವಿರ ಚೂರು ಮಾಡಿ ಕೊಡುತ್ತಿತ್ತು. ಇನ್ನೊಂದು ಸೆಕೆಂಡಿಗೆ ನಲವತ್ನಾಲ್ಕು ಸಾವಿರದ ನೂರು ಚೂರನ್ನಷ್ಟೇ ಬಡಿಸುತ್ತಿತ್ತು. ಉಳಿದ ಚೂರುಗಳು ಸರದಿಯಲ್ಲಿ ಕಾಯಬೇಕಲ್ಲ, ಮಾತು ನಿಧಾನವಾಗುತ್ತಿತ್ತು, ದನಿ ದಪ್ಪವಾಗುತ್ತಿತ್ತು. ಇದನ್ನೆಲ್ಲ ಅತ್ತೆಗೆ ಹಿಗ್ಗಿನಿಂದ ವಿವರಿಸಿದೆ.

ಅವಳು ಪೆನ್‌ಡ್ರೈವನ್ನು ಕೈಯಲ್ಲಿ ತಿರುಗಿಸಿ ನೋಡಿದಳು. "ಅಂದ್ರ ಕಡಿಮಿ ಎಣಿಸಿದ್ರ ಸಾಹೇಬ, ಪೂರಾ ಎಣಿಸಿದ್ರ ಹೆಂಗಸು?"

ನನ್ನ ಹಿಗ್ಗೆಲ್ಲ ಇಳಿದುಹೋಯಿತು. ಹಾಗೇ ಇರಲಿ ಬಿಡು, ನೀರು ಬರುತ್ತಿದೆಯಲ್ಲ ಎಂದು ಗೊಣಗಿದೆ. "ಪೂರಾ ಎಣಿಸು" ಎಂದಳು. ಎರಡೂ ಸರ್ವರುಗಳನ್ನು ನಲವತ್ತೆಂಟಕ್ಕೇ ನಿಲ್ಲಿಸಿದೆ. ಅತ್ತೆ ಮತ್ತೆ ಮೈಕಿನ ಮುಂದೆ ಕುಳಿತು, ಈ ಸಲ ತಾನಾಗಿಯೇ, "ನಾ ನಾಗಮ್ಮ ಮಾತಾಡಾಕತ್ತೀನಿ" ಎಂದು ಶುರು ಮಾಡಿದಳು. ಅದೇ ಗಡಿಬಿಡಿ, ಅದೇ ಸಿಟ್ಟು. ಮುಂದಿನ ನೀರಿನ ಪಾಳಿಗೆ ಆಟೋದಲ್ಲಿ ಡ್ರೈವರನ ಪಕ್ಕ ತಾನೇ ಕುಳಿತು ಹೋದಳು. ಕೆಲವರು ಪೈಪು ತೆಗೆದರು, ಕೆಲವರು ರಸ್ತೆಗಿಳಿದು ಜಗಳಕ್ಕೆ ನಿಂತರು.

ವಾರದ ನಂತರ ಹೊಲಕ್ಕೆ ಹೋದೆ. ಅರ್ಧ ಹೊಲ ಹಸಿರಾಗಿತ್ತು, ಇನ್ನರ್ಧದಲ್ಲಿ ಗಿಡಗಳು ತಲೆ ಬಾಗಿಸಿದ್ದವು. "ಅತ್ತಿ, ಹಳೇದs ಹಾಕೂಣೇನು?" ಎಂದೆ.

ಬಾಡಿದ ಗಿಡದ ಬುಡ ಕೆದರುತ್ತಿದ್ದವಳು ತಲೆ ಎತ್ತಲಿಲ್ಲ. "ಬ್ಯಾಡೋ. ಆಗ ಹೊಲ ತುಂಬಾ ನೀರು ಬಂತು, ಶಾಲು ತಗೊಂಡು ಮಂದಿ ಸಾಹೇಬನ್ನ ಹುಡುಕ್ಕೋತ ಹೋದ್ರು. ಈಗ ಅರ್ಧ ಬಂದದ. ಬೈಯಾಕಾದ್ರೂ ನನ್ನ ಮನೀಗೆ ಬರಾಕತ್ಯಾರ."

ಇದನ್ನೆಲ್ಲ ನೆನೆಯುತ್ತ ಕುಳಿತಿದ್ದಾಗ ಹೆಂಡತಿ ಚಹಾ ತಂದಿಟ್ಟು ಹೋದಳು. ಹೊಸ ಲಿನಕ್ಸ್ ಮತ್ತೆ ಬೇರೆಬೇರೆ ಮಾಡಿಟ್ಟಿದ್ದ ಎರಡೂ ಸಂಖ್ಯೆಗಳನ್ನು ನಾನು ಸರಿಮಾಡಿ, ಬೆಳಗಿನ ಆ ಪ್ರಚಾರದ ಮಾತನ್ನು ಮತ್ತೆ ಹಾಕಿದೆ. ಅಪ್ಪಣೆ ಹೋಗಿತ್ತು. ಗಂಟಲೊಣಗಿದ, ಸೋಲುವ ಭಯವಿದ್ದ ಸಾಧಾರಣ ಮನುಷ್ಯನೊಬ್ಬ ಮತ ಕೇಳುತ್ತಿದ್ದ. ನನಗೇಕೋ ಅವನಿಗೇ ಮತ ಹಾಕಬೇಕೆನಿಸಿತು. ಮಾತು ಮುದ್ರಿಸಿ ಹೋದ ಆ ಅಭ್ಯರ್ಥಿಗೆ ಮಾತ್ರ ತನ್ನದೇ ಈ ದನಿ ಹಿಡಿಸಲಿಕ್ಕಿಲ್ಲ.